ಹಿಮದ ರಂಧ್ರ, ಮರದ ಮೀನು ಮತ್ತು ನನ್ನ ಒಂದು ತಪ್ಪು ಉತ್ತರ
(ಹತ್ತನೆಯ ತರಗತಿಯ ವಕ್ರೀಭವನ ಪಾಠದ ಅನುಭವ)

ಬೋಧನಾಭ್ಯಾಸದ ಎರಡನೆಯ ವಾರದಲ್ಲಿ ನನ್ನ ಪಾಲಿಗೆ ಬಂದದ್ದು ಬೆಳಕಿನ ವಕ್ರೀಭವನ. ಶಾಲೆ ಇದ್ದದ್ದು ತುಂಗಭದ್ರೆಯ ದಂಡೆಯ ಒಂದು ಹಳ್ಳಿಯಲ್ಲಿ. ನೀರಿನ ಲೋಟದಲ್ಲಿ ಮುರಿದಂತೆ ಕಾಣುವ ಪೆನ್ಸಿಲ್, ಬಟ್ಟಲಿನ ತಳದಿಂದ ಮೇಲೆದ್ದಂತೆ ಕಾಣುವ ನಾಣ್ಯ ಇವೆರಡನ್ನೂ ಮಕ್ಕಳು ಆಗಲೇ ನೋಡಿದ್ದರು. ಅವರಿಗೆ ಹೊಸದಾದ, ಆದರೆ ಅದೇ ತತ್ತ್ವದ ಮೇಲೆ ನಿಂತ ಒಂದು ಸನ್ನಿವೇಶ ಬೇಕಿತ್ತು. ಉತ್ತರ ಅಮೆರಿಕದ ಹೆಪ್ಪುಗಟ್ಟಿದ ಕೆರೆಗಳಲ್ಲಿ ಈಟಿಯಿಂದ ಪೈಕ್ ಎಂಬ ಮೀನನ್ನು ಹಿಡಿಯುವ ಪದ್ಧತಿಯನ್ನು ಆರಿಸಿಕೊಂಡೆ.

ಆರಿಸಿದ ವಿಷಯ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ಪ್ರದೇಶಗಳಲ್ಲಿ ಚಳಿಗಾಲದಲ್ಲಿ ಕೆರೆಯ ಮೇಲ್ಭಾಗ ಗಟ್ಟಿಯಾಗುತ್ತದೆ. ನೀರಿನ ಸಾಂದ್ರತೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಧಿಕ. ಆ ನೀರು ತಳಕ್ಕಿಳಿಯುತ್ತದೆ, ಹಗುರವಾದ ಮಂಜುಗಡ್ಡೆ ಮೇಲೆ ತೇಲುತ್ತದೆ, ಅದರ ಕೆಳಗೆ ಮೀನುಗಳು ಬದುಕಿರುತ್ತವೆ. ಪೈಕ್ ಉದ್ದ ಮೂತಿಯ, ಚೂಪು ಹಲ್ಲಿನ ಬೇಟೆಮೀನು. ಜೊಂಡಿನ ಮರೆಯಲ್ಲಿ ಕದಲದೆ ನಿಂತು, ಹತ್ತಿರ ಬಂದ ಸಣ್ಣ ಮೀನಿನ ಮೇಲೆ ಒಮ್ಮೆಲೇ ಎರಗುತ್ತದೆ.

ಈ ಸ್ವಭಾವವೇ ಬೇಟೆಗಾರನಿಗೆ ಅನುಕೂಲ. ಮಂಜುಗಡ್ಡೆಯಲ್ಲಿ ಎರಡು ಮೂರು ಅಡಿ ಅಗಲದ ರಂಧ್ರ ಕೊರೆದು, ಅದರ ಮೇಲೆ ಕಿಟಕಿಯಿಲ್ಲದ ಪುಟ್ಟ ಗುಡಿಸಲನ್ನು ಇಡುತ್ತಾನೆ. ದಾರದಲ್ಲಿ ಒಂದು ಮರದ ಮೀನನ್ನು ಇಳಿಬಿಡುತ್ತಾನೆ. ಅದಕ್ಕೆ ಗಾಳವಿಲ್ಲ. ಹೊಟ್ಟೆಯಲ್ಲಿ ಸೀಸ ತುಂಬಿರುವುದರಿಂದ ಮುಳುಗುತ್ತದೆ. ತಗಡಿನ ರೆಕ್ಕೆ ಮತ್ತು ಬಾಗಿದ ಬಾಲ ಇರುವುದರಿಂದ ದಾರವನ್ನು ಮೆಲ್ಲಗೆ ಎಳೆದಾಗ ಸುತ್ತು ಹಾಕುತ್ತಾ ಈಜುತ್ತದೆ. ಪೈಕ್ ಅದನ್ನು ನೋಡಲು ಬಂದು ರಂಧ್ರದ ಕೆಳಗೆ ನಿಲ್ಲುತ್ತದೆ. ಆಗ ಹಲವು ಮೊನೆಗಳಿರುವ ಭಾರವಾದ ಈಟಿಯನ್ನು, ಸದ್ದಾಗದಂತೆ ಮೊನೆಯನ್ನು ಮೊದಲೇ ನೀರಿಗಿಳಿಸಿ, ತಲೆಯ ಹಿಂಭಾಗಕ್ಕೆ ಬಿಡುತ್ತಾನೆ. ಈಟಿಗೆ ಹಗ್ಗ ಕಟ್ಟಿರುತ್ತದೆ.

ಇದು ಆ ನೆಲದ ಮೂಲನಿವಾಸಿಗಳ ಹಳೆಯ ವಿದ್ಯೆ. ಒಜಿಬ್ವೆ ಜನರು ಗುಡಿಸಲಿನ ಬದಲು ಹಿಮದ ಮೇಲೆ ಬೋರಲು ಮಲಗಿ ಕಂಬಳಿ ಹೊದ್ದು ರಂಧ್ರದೊಳಗೆ ನೋಡುತ್ತಿದ್ದರು. ಅವರ ಊರುಗಳಲ್ಲೊಂದಾದ ಲಾಕ್ ದು ಫ್ಲಾಂಬೊ ಎಂಬ ಫ್ರೆಂಚ್ ಹೆಸರಿನ ಅರ್ಥ ಪಂಜಿನ ಕೆರೆ. ಹಿಮವಿಲ್ಲದ ಕಾಲದಲ್ಲಿ ರಾತ್ರಿ ಪಂಜಿನ ಬೆಳಕಿನಲ್ಲಿ ಅವರು ಮೀನಿಗೆ ಈಟಿ ಹಾಕುತ್ತಿದ್ದುದರಿಂದ ಆ ಹೆಸರು ಬಂತು. ಅಲ್ಲಿ ಕೆತ್ತಿದ ಮರದ ಮೀನುಗಳನ್ನು ಇಂದು ಕಲಾಕೃತಿಗಳೆಂದು ಸಂಗ್ರಹಿಸುತ್ತಾರೆ.

ಕಲಿಕೋಪಕರಣ

ಅರೆಪಾರದರ್ಶಕವಾದ ಬಿಳಿ ಪ್ಲಾಸ್ಟಿಕ್ ಡ್ರಮ್ಮು, ಒಂದು ಕರಿ ಕಂಬಳಿ, ಮೆದು ಮರದಲ್ಲಿ ಕೆತ್ತಿದ ಗೇಣುದ್ದದ ಮೀನು. ಸೀಸ ಮಕ್ಕಳ ಕೈಗೆ ಕೊಡುವ ವಸ್ತುವಲ್ಲವಾದ್ದರಿಂದ ಹೊಟ್ಟೆಗೆ ಕಬ್ಬಿಣದ ಮೊಳೆಗಳನ್ನು ಹೊಡೆದೆ. ರೆಕ್ಕೆಗೆ ಎಣ್ಣೆ ಡಬ್ಬಿಯ ತಗಡು; ಅಂಚನ್ನು ಉಜ್ಜಿ ಮೊಂಡು ಮಾಡಿದ್ದೆ.

ಪಾಠದ ಬೆಳವಣಿಗೆ

ಮೊದಲ ಪ್ರಶ್ನೆ: ಗುಡಿಸಲು ಕತ್ತಲಾಗಿರಬೇಕು ಏಕೆ? ಚಳಿಗೆ, ಮೀನಿಗೆ ಕಾಣಬಾರದೆಂದು ಎಂಬ ಉತ್ತರಗಳು ಬಂದವು. ರಾತ್ರಿ ಬಸ್ಸಿನ ಕಿಟಕಿಯನ್ನು ನೆನಪಿಸಿದೆ. ಒಳಗೆ ದೀಪ ಉರಿಯುವಾಗ ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತದೆ. ದೀಪ ಆರಿಸಿದರೆ ಹೊರಗಿನ ಹೊಲ ಕಾಣುತ್ತದೆ. ಮಕ್ಕಳು ಇಬ್ಬಿಬ್ಬರಾಗಿ ಕಂಬಳಿಯೊಳಗೆ ತಲೆ ಹಾಕಿ ಡ್ರಮ್ಮಿನೊಳಗೆ ನೋಡಿದರು. ನೀರಿನ ಮೇಲಿನ ಹೊಳಪು ಮಾಯವಾಗಿ, ಪಕ್ಕದಿಂದ ಬಂದ ಬೆಳಕಿನಲ್ಲಿ ತಳದವರೆಗೂ ಕಂಡಿತು. ಕೆರೆಯಲ್ಲಿ ಈ ಬೆಳಕು ಗುಡಿಸಲಿನ ಸುತ್ತಲಿನ ಮಂಜುಗಡ್ಡೆಯ ಮೂಲಕ ಬರುತ್ತದೆ. ಹತ್ತನೆಯ ತರಗತಿಯ ಕೋಣೆಯಲ್ಲಿ ಅಷ್ಟು ಹೊತ್ತು ಸರತಿಯ ಸಾಲು ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮುಂದೆ ತೋರಿಕೆಯ ಆಳಕ್ಕೆ ಬಂದೆ. ನೀರಿನ ವಕ್ರೀಭವನ ಸೂಚ್ಯಂಕ 1.33, ಹಾಗಾಗಿ ನೇರ ಮೇಲಿನಿಂದ ನೋಡಿದಾಗ 8 ಅಡಿ ಆಳದ ಮೀನು ಸುಮಾರು 6 ಅಡಿಯಲ್ಲಿದ್ದಂತೆ ಕಾಣುತ್ತದೆ. ಲೆಕ್ಕ ಸರಿಯಿತ್ತು. ಆದರೆ ಆ ಉತ್ಸಾಹದಲ್ಲೇ ಮುಂದುವರಿದು, "ಮೀನು ಕಂಡ ಜಾಗದಲ್ಲಿ ಇರುವುದಿಲ್ಲ. ಆದ್ದರಿಂದ ಹಿಮದ ಬೇಟೆಗಾರ ಮೀನಿನ ಪಕ್ಕಕ್ಕೆ ಗುರಿ ಇಡಬೇಕು" ಎಂದುಬಿಟ್ಟೆ.

ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದ. ಅವನ ತಂದೆ ಹೊಳೆಯಲ್ಲಿ ಮೀನು ಹಿಡಿಯುವವರು.

"ಮಿಸ್, ನೆಟ್ಟಗ ಕೆಳಗ ನೋಡಿದ್ರ ಮೀನು ಪಕ್ಕಕ್ಕ ಸರಿಯಂಗಿಲ್ರಿ. ದೂರದ್ದು ನೋಡಿದ್ರ ಅಷ್ಟ ಮೋಸ ಮಾಡತೈತಿ."

ನಾನು, "ಪುಸ್ತಕದಲ್ಲಿ ಹಾಗಿಲ್ಲ, ಕೂತುಕೋ" ಎಂದೆ. ಅವನು ಕೂತ. ಗಂಟೆ ಮುಗಿಯುವವರೆಗೂ ಮತ್ತೆ ಕೈ ಎತ್ತಲಿಲ್ಲ.

ವೀಕ್ಷಣಾ ಪುಸ್ತಕದ ಸಾಲು

ಮಾರ್ಗದರ್ಶಕರು ಉಪಕರಣದ ಬಗ್ಗೆ ಒಳ್ಳೆಯ ಮಾತು ಬರೆದು, ಕೊನೆಗೆ ಒಂದೇ ಪ್ರಶ್ನೆ ಹಾಕಿದ್ದರು: ಆ ಹುಡುಗ ಹೇಳಿದ್ದರಲ್ಲಿ ತಪ್ಪೇನಿತ್ತು? ಸಂಜೆ ಕಿರಣ ಚಿತ್ರ ಬರೆದು ನೋಡಿದೆ. ತಪ್ಪೇನೂ ಇರಲಿಲ್ಲ. ಮೇಲ್ಮೈಗೆ ಲಂಬವಾಗಿ ಬರುವ ಕಿರಣ ಬಾಗುವುದಿಲ್ಲ ಎಂದು ಹಿಂದಿನ ದಿನ ಕರಿಹಲಗೆಯ ಮೇಲೆ ನಾನೇ ಬರೆದಿದ್ದೆ. ನೇರ ಕೆಳಗಿರುವ ಮೀನು ಮೇಲೆದ್ದಂತೆ ಕಾಣುತ್ತದೆಯೇ ಹೊರತು ಪಕ್ಕಕ್ಕೆ ಸರಿದಂತೆ ಕಾಣುವುದಿಲ್ಲ. ನೇರ ಬಿಟ್ಟ ಈಟಿ ಅದಕ್ಕೆ ತಾಗಿಯೇ ತಾಗುತ್ತದೆ. ಓರೆಯಾಗಿ ನೋಡಿದಾಗ ಮಾತ್ರ ಕಂಡ ಜಾಗಕ್ಕಿಂತ ಕೆಳಕ್ಕೆ ಗುರಿ ಇಡಬೇಕು. ಮರದ ಮೀನಿನ ನಿಜವಾದ ಕೆಲಸ ಆಗ ನನಗೆ ಅರ್ಥವಾಯಿತು. ಅದು ಪೈಕನ್ನು ಹತ್ತಿರಕ್ಕೆ ಕರೆಯುವುದಷ್ಟೇ ಅಲ್ಲ, ವಕ್ರೀಭವನದ ಮೋಸ ಅತಿ ಕಡಿಮೆ ಇರುವ ಜಾಗಕ್ಕೇ, ಈಟಿಯ ನೇರ ಕೆಳಕ್ಕೇ ತಂದು ನಿಲ್ಲಿಸುತ್ತದೆ. ಪಾಠದ ತಿರುಳನ್ನೇ ನಾನು ತಲೆಕೆಳಗಾಗಿ ಹೇಳಿದ್ದೆ.

ಮರುಬೋಧನೆ

ಮರುದಿನ ಮೊದಲ ಮಾತಾಗಿ, "ನಿನ್ನೆ ನಾನು ಹೇಳಿದ್ದು ತಪ್ಪು, ಅವನು ಹೇಳಿದ್ದು ಸರಿ. ಹೇಗೆಂದು ಇವತ್ತು ನಾವೇ ನೋಡೋಣ" ಎಂದೆ. ತರಗತಿ ಗಪ್ಪಾಯಿತು. ಹೇಳುವ ಮುಂಚೆ ಇದ್ದ ಅಳುಕು ಹೇಳಿದ ಮೇಲೆ ಇರಲಿಲ್ಲ.

ವೈರಿಂಗ್‌ಗೆ ಬಳಸುವ ಪಿವಿಸಿ ಪೈಪಿನ ಒಂದಡಿ ತುಂಡನ್ನು ಬಕೆಟ್ಟಿನ ಮೇಲೆ ಓರೆಯಾಗಿ ಕಟ್ಟಿ, ಅದರ ಮೂಲಕ ತಳದ ನಾಣ್ಯ ಕಾಣುವಂತೆ ಹೊಂದಿಸಿದೆವು. ನಂತರ ಪೈಪನ್ನು ಅಲುಗಿಸದೆ ಅದರೊಳಗಿಂದ ಛತ್ರಿಯ ಕಡ್ಡಿಯನ್ನು ಇಳಿಸಿದೆವು. ಕಡ್ಡಿ ನಾಣ್ಯವನ್ನು ದಾಟಿ ಆಚೆ ಬಿತ್ತು. ಪೈಪನ್ನು ನೆಟ್ಟಗೆ ನಿಲ್ಲಿಸಿದಾಗ ಕಡ್ಡಿ ನಾಣ್ಯಕ್ಕೇ ತಾಗಿತು. ಇನ್ನೂ ಓರೆ ಮಾಡಿದಷ್ಟೂ ಅಂತರ ಹೆಚ್ಚಿತು. ಪತನ ಕೋನ 45 ಡಿಗ್ರಿ, ನೀರಿನ ಆಳ 20 ಸೆಂ.ಮೀ. ಇದ್ದರೆ ಕಡ್ಡಿ 7 ಸೆಂ.ಮೀ.ಗೂ ಹೆಚ್ಚು ದೂರ ತಪ್ಪಬೇಕೆಂದು ಸ್ನೆಲ್‌ನ ನಿಯಮದಿಂದ ಲೆಕ್ಕ ಮಾಡಿ, ಅಳತೆಪಟ್ಟಿಯಿಂದ ತಾಳೆ ನೋಡಿದೆವು. ಕೈಯಲ್ಲೇ ಕಡ್ಡಿ ಹಿಡಿದು ಈ ಪ್ರಯೋಗ ಮಾಡಬಾರದು. ಕಡ್ಡಿ ನೀರಿಗಿಳಿದ ಮೇಲೆ ಮಕ್ಕಳು ಕಣ್ಣಳತೆಯಿಂದ ಅದನ್ನು ತಿದ್ದಿಕೊಳ್ಳುತ್ತಾರೆ, ಫಲಿತಾಂಶ ಕೆಡುತ್ತದೆ.

ಕಿರಣ ಚಿತ್ರ ಬರೆಯಲು ಆ ಹುಡುಗನನ್ನೇ ಕರೆದೆ. ಲಂಬ ಎಲ್ಲಿ ಎಳೆಯಬೇಕೆಂದು ಸ್ವಲ್ಪ ತಡವರಿಸಿದ, ಆಮೇಲೆ ಸರಿಯಾಗಿ ಎಳೆದ. ಅವನಿಗೆ ಗೊತ್ತಿದ್ದ ಸಂಗತಿಗೆ ಅಂದು ಹೆಸರು ಸಿಕ್ಕಿತು. ನನಗೆ ಗೊತ್ತಿದ್ದ ಹೆಸರಿಗೆ ಸಂಗತಿ ಸಿಕ್ಕಿತು.

ಕಲಿತದ್ದು

ದೂರದ ದೇಶದ ಉದಾಹರಣೆ ಕುತೂಹಲ ಹುಟ್ಟಿಸುತ್ತದೆ. ಅದರ ಪರೀಕ್ಷೆ ಮಾತ್ರ ಮಕ್ಕಳ ಊರಿನ ಅನುಭವದ ಎದುರಿನಲ್ಲೇ ಆಗಬೇಕು. ಹಿಮವನ್ನೇ ಕಾಣದ ಹುಡುಗ ಹಿಮದ ಬೇಟೆಯ ತತ್ತ್ವವನ್ನು ನನಗಿಂತ ಚೆನ್ನಾಗಿ ಬಲ್ಲವನಾಗಿದ್ದ.

ಎರಡನೆಯದಾಗಿ, ಪಾಠ ಯೋಜನೆಯಲ್ಲಿ 'ನಿರೀಕ್ಷಿತ ಉತ್ತರ' ಎಂಬ ಅಂಕಣ ತುಂಬುತ್ತೇವೆ. ನಿರೀಕ್ಷಿಸದ ಉತ್ತರ ಬಂದಾಗ ಏನು ಮಾಡಬೇಕೆಂಬ ಅಂಕಣ ಅಲ್ಲಿಲ್ಲ. ಈಗ ನಾನೇ ಪುಟದ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ: "ಹೌದಾ? ಹೇಗೆ ಗೊತ್ತು, ಹೇಳು." ಕೂತುಕೋ ಎನ್ನುವುದಕ್ಕೂ ಈ ಮಾತಿಗೂ ಬೇಕಾಗುವ ಸಮಯ ಹೆಚ್ಚುಕಡಿಮೆ ಒಂದೇ.

ಆ ಶಾಲೆಯಲ್ಲಿ ನನ್ನ ಕೊನೆಯ ದಿನ ಮರದ ಮೀನನ್ನು ವಿಜ್ಞಾನದ ಕಪಾಟಿನಲ್ಲಿ ಇಟ್ಟು ಬರಲು ಹೋದೆ. ಅದರ ಬಾಲದ ಬಾಗು ಸಾಲದೆ ಅದು ಸುತ್ತು ಹಾಕುವುದಿಲ್ಲವೆಂದು ಆ ಹುಡುಗ ತಗಡನ್ನು ಇನ್ನಷ್ಟು ಬಾಗಿಸಿ ಕೊಟ್ಟ. ಡ್ರಮ್ಮಿಗೆ ಇಳಿಬಿಟ್ಟು ನೋಡಿದೆವು. ಸುತ್ತು ಹಾಕಿತು.