ಬೇರೆ ಮನೆ ಮಾಡಿದ ಪಾತ್ರ

ಹಾಸ್ಯ ಧಾರಾವಾಹಿಯಲ್ಲಿ ಒಂದು ಪಾತ್ರ ಕ್ಲಿಕ್ ಆಗಲಿ, ಚಾನೆಲ್ ಮೀಟಿಂಗಿನಲ್ಲಿ ಯಾರಾದರೂ ಒಬ್ಬರು ‘ಇವನಿಗೇ ಒಂದು ಸೀರಿಯಲ್ ಮಾಡಿಬಿಡೋಣ ಸಾರ್’ ಅಂದೇ ಅನ್ನುತ್ತಾರೆ. ಇಂಥದಕ್ಕೆ ಸ್ಪಿನ್‌ಆಫ್ ಅಂತ ಹೆಸರು. ಕೂಡು ಕುಟುಂಬದಲ್ಲಿ ಎಲ್ಲರನ್ನೂ ನಗಿಸಿಕೊಂಡಿದ್ದವನು ಬೇರೆ ಮನೆ ಮಾಡಿದ ಮೇಲೂ ಹಾಗೇ ಇರುತ್ತಾನೆ ಎಂಬ ನಂಬಿಕೆ ಅದರ ಹಿಂದೆ. ಮೈಸೂರಿನ ಹವ್ಯಾಸಿ ನಾಟಕದಿಂದ ಹೊರಟು ಬೆಂಗಳೂರಿನ ಸೀರಿಯಲ್‌ಗಳಿಗೆ ಸಂಭಾಷಣೆ ಬರೆದು ಬದುಕಿದ ನನಗೆ ಈ ನಂಬಿಕೆಯ ಮೇಲೆ ಅಷ್ಟು ವಿಶ್ವಾಸವಿಲ್ಲ. ಯಾಕೆ ಎಂಬುದನ್ನು ಹೊಸ ಬರಹಗಾರರಿಗಾಗಿ ಬರೆದಿದ್ದೇನೆ.

1. ನಗಿಸುವವನು ಸಿಕ್ಕಿದ ಎಂದು ಕುಣಿಯಬೇಡಿ, ನಗದವನನ್ನು ಹುಡುಕಿ.

ಈಟಿವಿಯ ‘ಸಿಲ್ಲಿ ಲಲ್ಲಿ’ ನೋಡಿದವರಿಗೆ ರವಿಶಂಕರ್ ಗೌಡ ಅವರ ಡಾಕ್ಟರ್ ವಿಠಲ್ ರಾವ್ ಮರೆತಿರಲಾರ. ಆ ಡಾಕ್ಟರು ತನ್ನ ಬಗ್ಗೆ ತಾನೇ ಕೊಚ್ಚಿಕೊಂಡರೆ ಸಾಲದು. ಅದನ್ನು ಕೇಳಿ ಮುಖ ಸಿಂಡರಿಸುವವರು ಬೇಕು, ಮಂಜುಭಾಷಿಣಿಯವರ ಸಮಾಜಸೇವಕಿ ಲಲಿತಾಂಬನಂತೆ ತನ್ನದೇ ಧೋರಣೆಯಲ್ಲಿ ಅಡ್ಡ ನಿಲ್ಲುವವರು ಬೇಕು. ‘ಪಾಪ ಪಾಂಡು’ವಿನಲ್ಲಂತೂ ಇದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಹೊಡೆಯುವ ಹೆಂಡತಿಯಾಗಿ ಶಾಲಿನಿ, ಹೊಡೆಸಿಕೊಳ್ಳುವ ಗಂಡನಾಗಿ ಚಿದಾನಂದ್. ಪೆಟ್ಟಿಗಿಂತ ಪೆಟ್ಟು ಬೀಳುವ ಮುಂಚಿನ ಪಾಂಡುವಿನ ಮುಖಕ್ಕೇ ಜನ ಹೆಚ್ಚು ನಕ್ಕರು. ಹಲವು ವರ್ಷಗಳ ಮೇಲೆ, 2018ರಲ್ಲಿ, ಕಲರ್ಸ್ ಸೂಪರ್‌ನಲ್ಲಿ ಅದು ಮತ್ತೆ ಶುರುವಾದಾಗ ಇಬ್ಬರೂ ಜೋಡಿಯಾಗಿಯೇ ಬಂದರು. ಒಬ್ಬರನ್ನೇ ಕರೆತಂದಿದ್ದರೆ ಅರ್ಧ ಜೋಕು ಮಾತ್ರ ಬರುತ್ತಿತ್ತು.

ಶಂಕರ್‌ನಾಗ್‌ಗೆ ಇದು ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ. ‘ಮಾಲ್ಗುಡಿ ಡೇಸ್’ನ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ಮುದ್ದಾಗಿದ್ದ, ನಿಜ. ಆದರೆ ಅಪ್ಪನ ಪಾತ್ರಕ್ಕೆ ಗಿರೀಶ ಕಾರ್ನಾಡರನ್ನು ಕೂರಿಸಿದ್ದು ನೋಡಿ. ಆ ಅಪ್ಪ ಒಮ್ಮೆ ತಲೆಯೆತ್ತಿ ನೋಡಿದರೆ ಸಾಕು, ಹುಡುಗನ ಸುಳ್ಳು ತಾನಾಗಿಯೇ ತಮಾಷೆಯಾಗುತ್ತದೆ.

2. ಹಳೇ ಮನೆಯ ಜಗಳವನ್ನು ಹೊಸ ಮನೆಗೂ ಒಯ್ಯಿರಿ.

ಅಮೆರಿಕದ ಎರಡು ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ‘ಫ್ರೆಂಡ್ಸ್’ 2004ರ ಮೇ ತಿಂಗಳಲ್ಲಿ ಮುಗಿಯಿತು. ಅದೇ ಸೆಪ್ಟೆಂಬರಿನಲ್ಲಿ ಅದರ ಮೊದ್ದುಮೊದ್ದು ನಟ ಜೋಯಿಗೆ ಪ್ರತ್ಯೇಕ ಸರಣಿ ಶುರುವಾಯಿತು. ನಟ ಅದೇ ಮ್ಯಾಟ್ ಲೆಬ್ಲಾಂಕ್, ಚಾನೆಲ್ಲೂ ಅದೇ. ಚಿತ್ರೀಕರಿಸಿದ 46 ಕಂತುಗಳಲ್ಲಿ ಕೊನೆಯ ಎಂಟನ್ನು ಆ ಚಾನೆಲ್ ಪ್ರಸಾರವನ್ನೇ ಮಾಡಲಿಲ್ಲ. ಜೋಯಿಯ ಪೆದ್ದುತನ ನಗು ತರಿಸುತ್ತಿದ್ದುದು ಗೆಳೆಯ ಚಾಂಡ್ಲರ್ ಪಕ್ಕದಲ್ಲಿ ಕೂತು ಕಣ್ಣರಳಿಸುತ್ತಿದ್ದುದರಿಂದ. ಹೊಸ ಸರಣಿಯಲ್ಲಿ ಅಕ್ಕ, ಅಕ್ಕನ ಮಗ ಎಲ್ಲ ಇದ್ದರು. ಆದರೆ ಅವರೊಡನೆ ಹತ್ತು ವರ್ಷ ಬಾಳಿದ ಸಲಿಗೆ ಇರಲಿಲ್ಲ. ಜೋಯಿ ಸ್ನೇಹಿತರನ್ನು ಕಳೆದುಕೊಂಡ ಒಂಟಿ ಮನುಷ್ಯನಂತೆ ಕಂಡ. ಒಂಟಿ ಪೆದ್ದನನ್ನು ನೋಡಿದರೆ ಅಯ್ಯೋ ಅನಿಸುತ್ತದೆ.

ಇನ್ನೊಂದು ‘ಫ್ರೇಸಿಯರ್’, 1993ರದ್ದು. ‘ಚಿಯರ್ಸ್’ ಎಂಬ ಬಾರ್ ಕಥೆಯಲ್ಲಿ ಫ್ರೇಸಿಯರ್ ಒಬ್ಬ ಜಂಭದ ಮನೋವೈದ್ಯ. ಬಿಯರ್ ಕುಡಿಯುವ ಸಾಮಾನ್ಯ ಜನರ ನಡುವೆ ಅವನ ಜಂಭ ನಗೆಪಾಟಲಾಗುತ್ತಿತ್ತು. ಹೊಸ ಸರಣಿಯವರು ಬಾರನ್ನು ಬಿಟ್ಟರು, ಆದರೆ ಆ ಸಾಮಾನ್ಯ ಮನುಷ್ಯನನ್ನು ಬಿಡಲಿಲ್ಲ. ಅಪ್ಪನ ರೂಪದಲ್ಲಿ ಮನೆಯೊಳಗೇ ತಂದು ಕೂರಿಸಿದರು. ನಿವೃತ್ತ ಪೊಲೀಸ್, ಹರಕು ಕುರ್ಚಿ, ಒಂದು ನಾಯಿ. ಸಾಲದ್ದಕ್ಕೆ ಫ್ರೇಸಿಯರ್‌ಗಿಂತಲೂ ಜಂಭದ ತಮ್ಮ. ಅಪ್ಪ ಸತ್ತುಹೋಗಿದ್ದಾನೆ ಎಂದು ಹಳೇ ಸರಣಿಯಲ್ಲಿ ಫ್ರೇಸಿಯರೇ ಹೇಳಿದ್ದ! ಬರಹಗಾರರು ಅದಕ್ಕೆ ಅಂಜಲಿಲ್ಲ. ಎರಡನೇ ಸೀಸನ್ನಿನಲ್ಲಿ ಹಳೇ ಗೆಳೆಯನೊಬ್ಬನ ಬಾಯಲ್ಲಿ ಆ ಪ್ರಶ್ನೆ ಕೇಳಿಸಿ ಅದನ್ನೇ ಜೋಕು ಮಾಡಿದರು. ಸರಣಿ ಹನ್ನೊಂದು ಸೀಸನ್ ನಡೆಯಿತು, 37 ಎಮ್ಮಿ ಪ್ರಶಸ್ತಿ ತಂದಿತು.

3. ಆಡಿಷನ್ ಒಬ್ಬೊಬ್ಬರಿಗೇ ಮಾಡಬೇಡಿ.

ಕ್ಯಾಮೆರಾ ಮುಂದೆ ಒಬ್ಬರನ್ನೇ ನಿಲ್ಲಿಸಿ ‘ಏನಾದರೂ ಕಾಮಿಡಿ ಮಾಡಿ’ ಅಂದರೆ ಮಿಮಿಕ್ರಿ ಬರುತ್ತದೆ, ಅಷ್ಟೇ. ಇಬ್ಬರನ್ನು ನಿಲ್ಲಿಸಿ, ಮಾತಿಲ್ಲದವರ ಮೇಲೆ ಕಣ್ಣಿಡಿ. ಎದುರಿನವರು ಮಾತಾಡುವಾಗ ಯಾರು ಕೇಳಿಸಿಕೊಳ್ಳುತ್ತಾರೆ, ಯಾರು ತಮ್ಮ ಸರದಿಗೆ ಕಾಯುತ್ತಾರೆ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಮೈಸೂರಿನ ರಂಗಾಯಣ, ನಟನದಂಥ ರಂಗಸಂಸ್ಥೆಗಳಲ್ಲಿ ಪಳಗಿದವರು ಸೆಟ್ಟಿಗೆ ಬಂದರೆ ನಿರ್ದೇಶಕರಿಗೆ ಅರ್ಧ ಕೆಲಸ ಕಡಿಮೆ. ಸುಮ್ಮನೆ ನಿಲ್ಲುವುದನ್ನೂ ಅವರು ಕಲಿತಿರುತ್ತಾರೆ.

‘ಕಾಮಿಡಿ ಮುಖ’ ಬೇಕು ಎಂಬ ಹಟವನ್ನೂ ಬಿಡಿ. ಅಪರ್ಣಾ ಅವರನ್ನು ಕನ್ನಡಿಗರು ಕಂಡಿದ್ದು ಗಂಭೀರ ನಿರೂಪಕಿಯಾಗಿ, ಕೇಳಿದ್ದು ನಮ್ಮ ಮೆಟ್ರೊದ ದನಿಯಾಗಿ. 2015ರಲ್ಲಿ ಶುರುವಾದ ‘ಮಜಾ ಟಾಕೀಸ್’ನಲ್ಲಿ ಅವರು ವರಲಕ್ಷ್ಮಿಯಾದರು. ಅದೇ ಅಚ್ಚುಕಟ್ಟಾದ ಉಚ್ಚಾರಣೆಯಲ್ಲಿ ಆ ವೈಯಾರ, ಆ ಜಂಭ! ಆ ಆಯ್ಕೆ ಮಾಡಿದವರಿಗೆ ನನ್ನದೊಂದು ನಮಸ್ಕಾರ. ಪಕ್ಕದಲ್ಲಿ ಸೃಜನ್ ಲೋಕೇಶ್ ಕಾಲೆಳೆಯಲು, ನಟನದ ಮಂಡ್ಯ ರಮೇಶ್ ಮುದ್ದೇಶನಾಗಿ ಮಧ್ಯೆ ಬಾಯಿ ಹಾಕಲು ಇದ್ದರು. ವರಲಕ್ಷ್ಮಿಯನ್ನು ಅಲ್ಲಿಂದ ಎತ್ತಿ ಒಬ್ಬಳನ್ನೇ ಅರ್ಧ ಗಂಟೆ ಕೂರಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

4. ಪಾತ್ರವನ್ನು ಒಳ್ಳೆಯವನನ್ನಾಗಿ ಮಾಡಬೇಡಿ.

ಸ್ಪಿನ್‌ಆಫ್‌ಗಳ ಬರವಣಿಗೆ ಕೆಡುವುದು ಬಹುತೇಕ ಇಲ್ಲೇ. ಮೂಲದಲ್ಲಿ ಅವನು ಜಿಪುಣ, ಬಾಯಿಬಡುಕ, ಸಾಲ ತೀರಿಸದವನು. ಹೀರೋ ಆದ ಕೂಡಲೇ ‘ಸಾರ್, ಲೀಡ್ ಕ್ಯಾರೆಕ್ಟರ್, ಫ್ಯಾಮಿಲಿ ಆಡಿಯನ್ಸ್ ಒಪ್ಪಬೇಕಲ್ಲ’ ಎಂದು ಅವನ ಜಿಪುಣತನಕ್ಕೊಂದು ಕಾರಣ ಹುಡುಕುತ್ತಾರೆ. ತಾಯಿಗೆ ಆಪರೇಷನ್, ತಂಗಿಗೆ ಮದುವೆ. ನಾನು ಸಂಭಾಷಣೆ ಬರೆದ ಒಂದು ಸೀರಿಯಲ್‌ನಲ್ಲಿ ಮೂಲದ ಜಿಪುಣ ಅಂಗಡಿಯವನು ಮೂರನೇ ವಾರಕ್ಕೇ ಅನಾಥಾಶ್ರಮಕ್ಕೆ ಅಕ್ಕಿಮೂಟೆ ಹೊರುತ್ತಿದ್ದ. ಹಿನ್ನೆಲೆಯಲ್ಲಿ ಕೊಳಲು ಬೇರೆ. ಆಮೇಲೆ ಅವನು ಚೌಕಾಸಿ ಮಾಡಿದರೆ ಯಾರು ನಗುತ್ತಾರೆ? ಪಾತ್ರದ ಕೆಟ್ಟ ಗುಣವೇ ಅದರ ಬಂಡವಾಳ. ಅದನ್ನು ಮುಟ್ಟಬೇಕಾದರೆ ಇನ್ನಷ್ಟು ಹೆಚ್ಚಿಸಿ.

5. ಪಂಚ್ ಡೈಲಾಗನ್ನು ಪ್ರೋಮೋಗೆ ಬಿಟ್ಟುಕೊಡಿ. ವಾರಕ್ಕೊಮ್ಮೆ ಸಾಕು.

ಮಿತಿ ಬೇಕಾದದ್ದು ಪಂಚ್‌ಗಷ್ಟೇ ಅಲ್ಲ, ಮಾತಿನ ಧಾಟಿಗೂ. ಮೂಲದಲ್ಲಿ ಮಂಡ್ಯ ಕಡೆಯ ಮಾತು ಆಡುತ್ತಿದ್ದವನು ಅವನೊಬ್ಬನೇ ಆಗಿದ್ದರೆ, ಹೊಸದರಲ್ಲಿ ಎಲ್ಲರ ಬಾಯಿಗೂ ‘ಏನ್ಲಾ, ಬಾರ್ಲಾ’ ತುರುಕಬೇಡಿ. ಅಗ್ರಹಾರದ ಅಜ್ಜಿ, ಹುಬ್ಬಳ್ಳಿಯ ಬ್ಯಾಂಕ್ ಮ್ಯಾನೇಜರ್, ಕೆ.ಆರ್. ಮಾರುಕಟ್ಟೆಯ ಹೂವಿನವರು ಒಂದೇ ಥರ ಮಾತಾಡಿದರೆ ಅವನ ಮಾತಿಗಿದ್ದ ಬೆಲೆಯೂ ಹೋಗುತ್ತದೆ.

6. ಕಂತುಗಳ ಲೆಕ್ಕ ಹಾಕಿ ಒಪ್ಪಿಕೊಳ್ಳಿ.

‘ಫ್ರೇಸಿಯರ್’ ಹನ್ನೊಂದು ಸೀಸನ್ನಿಗೆ ಮಾಡಿದ್ದು 264 ಕಂತು. ವಾರಕ್ಕೆ ಐದರಂತೆ ಓಡುವ ನಮ್ಮ ಸೀರಿಯಲ್‌ಗೆ ಒಂದೇ ವರ್ಷಕ್ಕೆ 260 ಬೇಕು. ಅಲ್ಲಿ ಬರಹಗಾರರ ಒಂದು ತಂಡ ಮೇಜಿನ ಸುತ್ತ ಕೂತು ಒಂದು ಕಂತನ್ನು ತಿದ್ದಿ ತೀಡುತ್ತದೆ. ಇಲ್ಲಿ ಬೆಳಿಗ್ಗೆ ಶೂಟಿಂಗು, ಹಿಂದಿನ ರಾತ್ರಿ ವಾಟ್ಸಾಪಿನಲ್ಲಿ ಸೀನು. ಸೈಡ್ ರೋಲಿಗೆ ಕಂತಿಗೆ ಎರಡು ಸೀನ್ ಬರೆದರಾಗಿತ್ತು, ಅದಕ್ಕೇ ಅವನು ಹೊಳೆಯುತ್ತಿದ್ದ. ಈಗ ಇಪ್ಪತ್ತು ನಿಮಿಷ ಪೂರ್ತಿ ಅವನೇ. ಬ್ಯಾಂಕಿಂಗ್‌ಗೆ, ಅಂದರೆ ಮುಂಗಡ ದಾಸ್ತಾನಿಗೆ, ಇಪ್ಪತ್ತು ಕಂತಾದರೂ ಬರೆದಿಟ್ಟುಕೊಳ್ಳದೆ, ಜೊತೆಗೆ ಇನ್ನಿಬ್ಬರು ಬರಹಗಾರರನ್ನು ಕೇಳದೆ ಅಡ್ವಾನ್ಸ್ ತೆಗೆದುಕೊಳ್ಳಬೇಡಿ.

7. ‘ಮಿಸ್ಟರ್ ಸಂಪತ್’ ಓದಿ.

ಆರ್.ಕೆ. ನಾರಾಯಣ್ 1949ರಲ್ಲಿ ಪ್ರಕಟಿಸಿದ ಕಾದಂಬರಿ. ಯಾದವಗಿರಿಯಲ್ಲಿ ಈಗ ಮ್ಯೂಸಿಯಂ ಆಗಿರುವ ಅವರ ಮನೆಗೆ ಹೋಗಿ ಸೆಲ್ಫಿ ತೆಗೆದುಕೊಳ್ಳುವ ಸ್ಕ್ರಿಪ್ಟ್ ಹುಡುಗರಿಗೆಲ್ಲ ಇದನ್ನು ಹೇಳುತ್ತೇನೆ. ಮುದ್ರಕ ಸಂಪತ್ ಎಂಥ ಬಾಯಿಮಾತಿನ ಮೋಡಿಗಾರ ಎಂದರೆ ಕಾದಂಬರಿಗೇ ಅವನ ಹೆಸರು ಬಂತು, 1952ರಲ್ಲಿ ಜೆಮಿನಿಯವರು ಅವನ ಮೇಲೆ ಸಿನಿಮಾ ಮಾಡಿದರು. ಆದರೂ ನಾರಾಯಣ್ ಅವನನ್ನು ತೋರಿಸುವುದು ಪತ್ರಿಕೆ ನಡೆಸುವ ಶ್ರೀನಿವಾಸನ ಕಣ್ಣಿನಿಂದ. ಶ್ರೀನಿವಾಸ ಬೆರಗಾಗುತ್ತಾನೆ, ನಂಬುತ್ತಾನೆ, ಅನುಮಾನಪಡುತ್ತಾನೆ. ಸಂಪತ್‌ನ ತಲೆಯೊಳಗೆ ಏನು ನಡೆದಿದೆ ಎಂಬುದು ನಮಗೆ ಗೊತ್ತಾಗದೆ ಇರುವುದರಲ್ಲೇ ಮಜಾ ಇದೆ. ಸ್ಪಿನ್‌ಆಫ್ ಬರೆಯುವಾಗ ಮೊದಲ ಸೀನನ್ನು ಶ್ರೀನಿವಾಸನಂಥ ಆ ಇನ್ನೊಬ್ಬನಿಂದ ಶುರುಮಾಡಿ.

8. ಆ ಇನ್ನೊಬ್ಬನಿಗೆ ಸರಿಯಾದ ಪೇಮೆಂಟ್ ಕೊಡಿಸಿ.

ಬಜೆಟ್ಟಿನ ಬಹುಪಾಲು ಜನಪ್ರಿಯ ನಟನಿಗೆ ಹೋಗಿ, ಅವನೆದುರು ನಿಲ್ಲುವವರು ‘ಹೊಸಬರು, ದಿನಕ್ಕಿಷ್ಟು ಕೊಟ್ಟರಾಯಿತು’ ಎಂಬ ಲೆಕ್ಕದಲ್ಲಿ ಬರುತ್ತಾರೆ. ಬೇರೆ ಕಡೆ ಹತ್ತು ರೂಪಾಯಿ ಹೆಚ್ಚು ಸಿಕ್ಕರೆ ಬಿಟ್ಟೂ ಹೋಗುತ್ತಾರೆ. ನಾಯಕನೆದುರು ನಿಲ್ಲುವವನು ಅವನ ಭಾವಮೈದ ಅನ್ನಿ, ಆ ಭಾವಮೈದ ತಿಂಗಳಿಗೊಬ್ಬನಂತೆ ಬದಲಾದರೆ ಬರಹಗಾರ ಯಾರ ಮುಖ ನೆನೆದು ಸೀನ್ ಬರೆಯಬೇಕು? ಭಾವಮೈದನ ಡೇಟ್ಸ್ ಒಂದು ವರ್ಷಕ್ಕೆ ಬರಹದಲ್ಲಿ ಖಚಿತವಾಗುವ ತನಕ ನಾನು ಮೊದಲ ಕಂತನ್ನು ಕಳಿಸುವುದಿಲ್ಲ. ನಿರ್ಮಾಪಕರು ಇದನ್ನು ನನ್ನ ಹಟ ಅನ್ನುತ್ತಾರೆ. ಅನ್ನಲಿ.