ಕಂಬೈನ್ ಯಂತ್ರದ ದುರಸ್ತಿಯಲ್ಲಿ ಪಾಲಿಸತಕ್ಕ ಎಚ್ಚರಿಕೆಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳಲ್ಲಿ ಸುಗ್ಗಿಯ ಕಾಲಕ್ಕೆ ಆಳುಗಳು ದೊರೆಯುವದು ಕಠಿಣವಾಗಿರುವದರಿಂದ, ಪೀಕನ್ನು ಕೊಯ್ದು ಹೊಲದಲ್ಲಿಯೇ ರಾಶಿ ಮಾಡಿಕೊಡುವ ಕಂಬೈನ್ ಹಾರ್ವೆಸ್ಟರ್ ಯಂತ್ರವು ನಮ್ಮ ಒಕ್ಕಲಿಗರಿಗೆ ಈಗ ಹೊಸದಾಗಿ ಉಳಿದಿಲ್ಲ. ಮುಂಗಾರಿಯ ಸೋಯಾ ಅವರೆ, ಕಿತ್ತೂರ ಕಡೆಯ ಭತ್ತ, ಎರೆಭೂಮಿಯ ಕಡಲೆ ಮತ್ತು ಗೋಧಿ ಇವೆಲ್ಲಕ್ಕೂ ಅದರ ಉಪಯೋಗವಾಗುತ್ತಿದೆ. ಹಂತಿ ಹೂಡಿ ಕಣದಲ್ಲಿ ದಿನಗಟ್ಟಲೆ ನಡೆಯುತ್ತಿದ್ದ ಕೆಲಸವು ಕೆಲವೇ ತಾಸುಗಳಲ್ಲಿ ತೀರುವದು. ಆದರೆ ಹಂತಿಯ ಎತ್ತು ಮನುಷ್ಯನ ಕೂಗಿಗೆ ನಿಲ್ಲುತ್ತಿತ್ತು. ಈ ಯಂತ್ರವು ಹಾಗೆ ನಿಲ್ಲುವದಿಲ್ಲ. ಅದರ ಕಾಲಕಾಲದ ಆರೈಕೆ ಹಾಗೂ ದುರಸ್ತಿಯಲ್ಲಿ ಕೈಕಾಲುಗಳಿಗೆ ಅಪಾಯವಾಗದಂತೆ ನಡೆದುಕೊಳ್ಳುವ ಬಗೆಯನ್ನು ಗೌಡರೂ ಜಮೀನುದಾರರೂ ತಿಳಿದಿರುವದು ಅವಶ್ಯ.

ಯಂತ್ರವು ಸರಿಯಾಗಿ ನಡೆಯುತ್ತಿರುವಾಗ ಅದರ ಹತ್ತಿರ ಯಾರೂ ಕೈ ಹಾಕುವದಿಲ್ಲ. ಅದು ಕಟ್ಟಿಕೊಂಡಾಗಲೇ ಕೇಡು ಸಂಭವಿಸುವದು. ಹಸಿ ಕಳೆ, ಇಬ್ಬನಿಯಿಂದ ನೆನೆದ ದಂಟು, ಇಲ್ಲವೆ ಒಂದು ಕಡೆಗೆ ಬಿದ್ದ ಪೀಕು ಒಮ್ಮೆಲೇ ಒಳಗೆ ಹೋದರೆ, ಬಡಿಯುವ ಡ್ರಮ್ಮು ಮತ್ತು ಅದರ ಕೆಳಗಿನ ಜಾಳಿಗೆಯ ನಡುವೆ ಹುಲ್ಲು ಸಿಕ್ಕಿಕೊಳ್ಳುವದು. ಆಗ ಸಹಾಯಕನು ಕೆಳಗಿಳಿದು, ಇಂಜಿನು ತಿರುಗುತ್ತಿರುವಾಗಲೇ, ಕೈಯಿಂದಲೋ ಕಾಲಿನಿಂದಲೋ ಹುಲ್ಲನ್ನು ಎಳೆಯುವದುಂಟು. ಗೋಧಿಯ ರಾಶಿಗೆ ಡ್ರಮ್ಮು ಒಂದು ನಿಮಿಷದಲ್ಲಿ ಸುಮಾರು ೧೦೦೦ ಸುತ್ತು ತಿರುಗುವದು. ಎಂದರೆ ಒಂದು ಸೆಕೆಂಡಿಗೆ ೧೬ ಸುತ್ತಿಗೂ ಹೆಚ್ಚು. ಸಿಕ್ಕ ಹುಲ್ಲು ಬಿಚ್ಚಿದ ಕ್ಷಣದಲ್ಲಿ ಅದನ್ನು ಹಿಡಿದ ಕೈಯೂ ಹುಲ್ಲಿನೊಡನೆ ಹೋಗುವದು. ಬಿಡಬೇಕೆಂದು ಮನಸ್ಸಿಗೆ ಬರುವಷ್ಟರಲ್ಲಿ ಡ್ರಮ್ಮು ಮೂರು ನಾಲ್ಕು ಸುತ್ತು ತಿರುಗಿರುತ್ತದೆ.

ಆದಕಾರಣ ಮೊದಲು ಯಂತ್ರದ ಗತಿಯನ್ನು ಬಿಡಿಸಿ, ಇಂಜಿನನ್ನು ಬಂದು ಮಾಡಿ, ಕೀಲಿಯನ್ನು ತೆಗೆಯತಕ್ಕದ್ದು. ಆ ಕೀಲಿಯು ಚಾಲಕನ ಬಳಿಯಲ್ಲಲ್ಲ, ಒಳಗೆ ಕೈ ಹಾಕುವವನ ಕಿಸೆಯಲ್ಲಿಯೇ ಇರಬೇಕು. ಇಂಜಿನು ನಿಂತರೂ ಭಾರವಾದ ಡ್ರಮ್ಮು ತನ್ನ ವೇಗದಿಂದ ಇನ್ನೂ ತಿರುಗುತ್ತಿರುವದರಿಂದ, ಅದು ಪೂರ್ಣವಾಗಿ ನಿಂತದ್ದನ್ನು ಕಣ್ಣಿನಿಂದ ನೋಡಿದ ತರುವಾಯವೇ ಮುಚ್ಚಳವನ್ನು ತೆರೆಯತಕ್ಕದ್ದು. ಡ್ರಮ್ಮನ್ನು ಸಲಾಕೆಯಿಂದ ಹಿಂದಕ್ಕೆ ತಿರುಗಿಸುವ ಪ್ರಸಂಗ ಬಂದರೆ, ಒಬ್ಬನು ತಿರುಗಿಸುತ್ತಿರುವಾಗ ಇನ್ನೊಬ್ಬನ ಕೈ ಒಳಗಿರಬಾರದು. ಕತ್ತರಿಯ ಅಲಗುಗಳಲ್ಲಿ ಸಿಕ್ಕ ಕಾಂಡವನ್ನು ಬೆರಳಿನಿಂದ ತೆಗೆಯದೆ ಕಟ್ಟಿಗೆಯಿಂದ ತೆಗೆಯಬೇಕು. ಧೋತರದ ಅಂಚು, ಹೆಗಲ ಮೇಲಿನ ವಸ್ತ್ರ, ಸಡಿಲಾದ ತೋಳು ಇವು ಪಟ್ಟಿ ಮತ್ತು ಸರಪಳಿಗಳ ಹತ್ತಿರ ಬಹಳ ಕೆಟ್ಟವು.

ಇಷ್ಟನ್ನು ಅನೇಕ ಚಾಲಕರು ಬಲ್ಲರು. ಬಲ್ಲವರೂ ಏಕೆ ತಪ್ಪುವರೆಂದರೆ, ಇದರಲ್ಲಿ ಹೊಲದ ಒಡೆಯನ ಪಾಲೂ ಇದೆ. ಬಾಡಿಗೆಯನ್ನು ತಾಸಿನ ಲೆಕ್ಕದಿಂದ ಗೊತ್ತುಪಡಿಸಿದಲ್ಲಿ, ಯಂತ್ರವು ಕಟ್ಟಿ ನಿಂತ ಪ್ರತಿ ನಿಮಿಷವೂ ಒಡೆಯನಿಗೆ ಹಾನಿಯಾಗಿ ತೋರುವದು. ಬದುವಿನ ಮೇಲೆ ನಿಂತು ಅವಸರಪಡಿಸುವವನು ಆತನೇ. ಮುಂದಿನ ಹೊಲದವನು ಆಗಲೇ ಬಂದು ಕಾಯುತ್ತಿರುವನು, ಮೋಡವೂ ಕವಿಯುತ್ತಿರುವದು. ಇಂಥ ಒತ್ತಾಯದಲ್ಲಿ ದೂರದ ಪ್ರಾಂತದಿಂದ ಹೊಟ್ಟೆಪಾಡಿಗೆ ಬಂದ ಹುಡುಗನು ಇಂಜಿನು ನಿಲ್ಲಿಸಬೇಕೆಂದು ಹೇಗೆ ಹೇಳಿಯಾನು? ಆದ್ದರಿಂದ ಬಾಡಿಗೆಯನ್ನು ಎಕರೆಯ ಮೇಲೆ ಗೊತ್ತುಪಡಿಸುವದು ಲೇಸು. ತಾಸಿನ ಲೆಕ್ಕವೇ ಅನಿವಾರ್ಯವಾದರೆ, ಕಟ್ಟು ಬಿಡಿಸುವ ವೇಳೆಯನ್ನು ಲೆಕ್ಕದಿಂದ ಬಿಡತಕ್ಕದ್ದೆಂದು ಕೆಲಸಕ್ಕೆ ಮೊದಲೇ ಮಾತಾಗಿರಲಿ. ಗೌಡರು ಮನಸ್ಸು ಮಾಡಿದರೆ ಇಡೀ ಊರಿಗೆ ಇದೊಂದು ವಾಡಿಕೆಯಾಗಬಲ್ಲದು. ಮುಂಜಾನೆಯ ಇಬ್ಬನಿ ಆರಿದ ಮೇಲೆ ಕೊಯ್ಲನ್ನು ಆರಂಭಿಸಿದರೆ ಯಂತ್ರವು ಕಟ್ಟುವದೇ ಕಡಿಮೆ. ಸೋಯಾ ಅವರೆಯ ಕಾಯಿ ಮಾತ್ರ ಸುಡುಬಿಸಿಲಿನಲ್ಲಿ ಸಿಡಿದು ಉದುರುವದರಿಂದ, ಆ ಪೀಕಿಗೆ ಅತಿ ತಡವೂ ಒಳ್ಳೆಯದಲ್ಲ.

ಕಾಯದೆಯೂ ಈ ಅಪಾಯವನ್ನು ಬಹಳ ಹಿಂದೆಯೇ ಗುರುತಿಸಿದೆ. ರಾಶಿ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಸಂಖ್ಯೆ ಬೆಳೆದುದರಿಂದ, ಮುಖ್ಯವಾಗಿ ಆ ಯಂತ್ರಗಳನ್ನೇ ಲಕ್ಷ್ಯದಲ್ಲಿಟ್ಟು ಭಾರತ ಸರಕಾರವು ೧೯೮೩ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯದೆಯನ್ನು ಮಾಡಿತು. ಕಂಬೈನಿನ ಹೊಟ್ಟೆಯಲ್ಲಿರುವದೂ ಅಂಥದೇ ಡ್ರಮ್ಮು ಎಂಬುದನ್ನು ಮರೆಯಲಾಗದು.

ಇನ್ನು ಯಂತ್ರದ ಮುಂಭಾಗ. ಕೊಯ್ಯುವ ಭಾಗವನ್ನು ಮೇಲೆತ್ತಿ ಅದರ ಕೆಳಗೆ ಮಲಗಿ ಅಲಗುಗಳನ್ನು ಬದಲಿಸುವ ರೂಢಿ ಇದೆ. ಆ ಭಾರವನ್ನು ಎತ್ತಿ ಹಿಡಿದಿರುವದು ನಳಿಗೆಯೊಳಗಿನ ಎಣ್ಣೆಯ ಒತ್ತಡ ಮಾತ್ರ. ನಳಿಗೆ ಒಡೆದರೆ, ಅಥವಾ ಮೇಲೆ ಆಡುವ ಮಗುವೊಂದು ಹಿಡಿಕೆಯನ್ನು ಮುಟ್ಟಿದರೆ, ಅದು ಸದ್ದಿಲ್ಲದೆ ಕೆಳಗಿಳಿಯುವದು. ಯಂತ್ರದಲ್ಲಿಯೇ ಇರುವ ಕಬ್ಬಿಣದ ತಡೆಯನ್ನು ಹಾಕಿ, ಮೇಲಾಗಿ ಗಟ್ಟಿ ಕಟ್ಟಿಗೆಯ ದಿಮ್ಮಿಗಳನ್ನು ಕೊಟ್ಟ ಹೊರತು ಯಾರೂ ಕೆಳಗೆ ಹೋಗಬಾರದು. ಎರೆಭೂಮಿಯಲ್ಲಿ ಜಾಕು ಹುಗಿಯುವದರಿಂದ ಅದರ ಬುಡಕ್ಕೆ ಅಗಲವಾದ ಹಲಗೆ ಬೇಕು. ಎಣ್ಣೆ ಸೋರುವ ಸ್ಥಳವನ್ನು ಬೆರಳಿನಿಂದ ತಡವಿ ಹುಡುಕಬಾರದು. ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಕೂದಲಿನಷ್ಟು ಸಣ್ಣ ರಂಧ್ರದಿಂದ ಬರುವ ಎಣ್ಣೆಯು ಚರ್ಮವನ್ನು ಭೇದಿಸಿ ಒಳಸೇರುವದು. ಗಾಯವು ಮುಳ್ಳು ಚುಚ್ಚಿದಷ್ಟೇ ಕಂಡರೂ ಬೆರಳು ಹೋಗುವ ಭಯವುಂಟು. ಅದೇ ತಾಸಿನಲ್ಲಿ ಶಸ್ತ್ರವೈದ್ಯರಿಗೆ ತೋರಿಸಿ, ಎಣ್ಣೆ ಹೊಕ್ಕಿದೆಯೆಂದು ಸ್ಪಷ್ಟವಾಗಿ ಹೇಳಬೇಕು.

ಇಂಜಿನಿನ ಸುತ್ತಲೂ ಕೂಡುವ ಒಣ ಹೊಟ್ಟು ಬೆಂಕಿಗೆ ಸಿದ್ಧವಾದ ಉರುವಲು. ಪ್ರತಿದಿನ ಅದನ್ನು ಝಾಡಿಸಿ ತೆಗೆಯಬೇಕು. ಬೆಸುಗೆ ಹಾಕುವ ಮುನ್ನ ಬ್ಯಾಟರಿಯ ತಂತಿಯನ್ನು ಕಳಚಿ, ನೀರಿನ ಕೊಡಗಳನ್ನು ಹತ್ತಿರ ಇರಿಸಿಕೊಳ್ಳಬೇಕು. ವಿದ್ಯುತ್ ತಂತಿಯ ಕೆಳಗೆ ಯಂತ್ರವನ್ನು ನಿಲ್ಲಿಸಿ ಯಾರೂ ಮೇಲೆ ಹತ್ತಕೂಡದು. ತಂತಿ ತಗಲಿದರೆ, ಹೆಸ್ಕಾಂನವರು ಪ್ರವಾಹವನ್ನು ನಿಲ್ಲಿಸುವ ತನಕ ಚಾಲಕನು ಕುಳಿತಲ್ಲಿಯೇ ಇರತಕ್ಕದ್ದು, ಉಳಿದವರು ದೂರ ನಿಲ್ಲತಕ್ಕದ್ದು.

ಸ್ವಂತ ಯಂತ್ರವುಳ್ಳವರು ದೊಡ್ಡ ದುರಸ್ತಿಗಳನ್ನು ಸುಗ್ಗಿಯ ನಡುವೆ ಇಟ್ಟುಕೊಳ್ಳದೆ ಬೇಸಿಗೆಯಲ್ಲಿಯೇ ಮುಗಿಸುವದು ಮೇಲು. ಆಗ ಪಟ್ಟಿ, ಬೇರಿಂಗು, ಅಲಗುಗಳನ್ನು ಪರೀಕ್ಷಿಸುವದರ ಜೊತೆಗೆ, ಕಳಚಿ ಮೂಲೆಗೆ ಎಸೆದ ರಕ್ಷಣೆಯ ಮುಚ್ಚಳಗಳನ್ನು ಹುಡುಕಿ ಮತ್ತೆ ಕೂಡಿಸಬೇಕು. ಖಂಡೇನವಮಿಯಲ್ಲಿ ಯಂತ್ರಕ್ಕೆ ಹಾರ ಹಾಕುವಾಗ ಪಟ್ಟಿಗಳು ಬರಿದಾಗಿ ಕಂಡರೆ, ಪೂಜೆಯ ಮೊದಲು ಪಾನಾ ಹಿಡಿಯುವದೇ ಯೋಗ್ಯ.

ಇಷ್ಟಾಗಿಯೂ ಬೆರಳು ತುಂಡಾದರೆ, ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿಟ್ಟುಕೊಂಡು, ೧೦೮ಕ್ಕೆ ಕರೆ ಮಾಡಬೇಕು. ಅರಿಷಿಣ, ಸುಣ್ಣ, ಎಣ್ಣೆ ಏನನ್ನೂ ಹಚ್ಚಕೂಡದು. ತುಂಡಾದ ಬೆರಳನ್ನು ತೇವದ ಶುದ್ಧ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಬರ್ಫ ಹಾಕಿದ ನೀರಿನಲ್ಲಿ ಇಟ್ಟುಕೊಂಡು ಗಾಯಾಳುವಿನ ಜೊತೆಗೇ ಕಳುಹಬೇಕು. ಬೆರಳಿಗೆ ಬರ್ಫವು ನೇರವಾಗಿ ತಾಗಬಾರದು.