ಮೌಂಟ್ ಆಗಿದೆ, ಫೈಲ್ ಮಾತ್ರ ಸೇವ್ ಆಗುತ್ತಿಲ್ಲವೇ?

ನಾಲ್ಕೈದು ಲಿನಕ್ಸ್ ಕಂಪ್ಯೂಟರುಗಳು ಒಂದೇ ಫೋಲ್ಡರ್ ಹಂಚಿಕೊಂಡಿದ್ದರೆ ಅಲ್ಲಿ ಸಾಮಾನ್ಯವಾಗಿ ಎನ್‌ಎಫ್‌ಎಸ್ ಇರುತ್ತದೆ. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿದ್ದು. ಅದು ಕೈಕೊಟ್ಟಾಗ ಹಲವರು ಮಾಡುವುದು ಒಂದೇ ಕೆಲಸ: ಸರ್ವರಿನ ಫೋಲ್ಡರಿಗೆ ‘ಸಿಎಚ್‌ಮಾಡ್ 777’ ಕೊಟ್ಟು ಕೈತೊಳೆದುಕೊಳ್ಳುವುದು. ದಯವಿಟ್ಟು ಬೇಡ.

ಮೊದಲು ಸರ್ವರಿಗೆ ಪಿಂಗ್ ಮಾಡಿ. ಉತ್ತರ ಬಂತೇ? ಫೈರ್‌ವಾಲ್‌ನಲ್ಲಿ 2049ನೇ ಪೋರ್ಟ್ ತೆರೆದಿದೆಯೇ ನೋಡಿ. ಎನ್‌ಎಫ್‌ಎಸ್ ನಾಲ್ಕನೇ ಆವೃತ್ತಿಗೆ ಅದೊಂದೇ ಸಾಕು. ಮೂರನೆಯದಕ್ಕೆ 111 ಕೂಡ ಬೇಕು, ಮೌಂಟ್‌ಡಿ ಬಳಸುವ ಪೋರ್ಟೂ ಬೇಕು.

ಮೌಂಟ್ ಮಾಡುವಾಗಲೇ ‘ಆಕ್ಸೆಸ್ ಡಿನೈಡ್’ ಬಂದರೆ ಸರ್ವರಿನ ಎಕ್ಸ್‌ಪೋರ್ಟ್ಸ್ ಫೈಲ್ ತೆರೆಯಿರಿ. ನಿಮ್ಮ ಕಂಪ್ಯೂಟರಿನ ಐಪಿ ವಿಳಾಸ ಅಲ್ಲಿರಬೇಕು. ವಿಳಾಸಕ್ಕೂ ಅದರ ಮುಂದಿನ ಆವರಣ ಚಿಹ್ನೆಗೂ ನಡುವೆ ಜಾಗ ಬಿಡಬೇಡಿ. ಬಿಟ್ಟರೆ ನಿಮಗೆ ಓದುವ ಹಕ್ಕಷ್ಟೇ ಸಿಗುತ್ತದೆ, ಬರೆಯುವ ಹಕ್ಕು ಊರಿಗೆಲ್ಲ ಹೋಗುತ್ತದೆ. ತಿದ್ದಿದ ಮೇಲೆ ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ’ ಕೊಡಿ.

ಈಗ ನಿಜವಾದ ತಲೆನೋವು. ಮೌಂಟ್ ಆಗಿದೆ, ಫೈಲುಗಳು ಕಾಣುತ್ತಿವೆ, ಸೇವ್ ಮಾಡಹೋದರೆ ‘ಪರ್ಮಿಷನ್ ಡಿನೈಡ್’. ಕರ್ಬರೋಸ್ ಇಲ್ಲದ ಮಾಮೂಲಿ ವ್ಯವಸ್ಥೆಯಲ್ಲಿ ಸರ್ವರ್ ನಿಮ್ಮ ಹೆಸರು ನೋಡುವುದಿಲ್ಲ, ಯೂಸರ್ ಐಡಿ ನಂಬರ್ ನೋಡುತ್ತದೆ. ಸರ್ವರಿನಲ್ಲಿ ರವಿ 1000, ಲತಾ 1001. ಲತಾ ಅವರ ಲ್ಯಾಪ್‌ಟಾಪಿನಲ್ಲಿ ಇರುವುದು ಅವರದೊಂದೇ ಖಾತೆ, ಅದೂ 1000. ಅಂದಮೇಲೆ ಸರ್ವರಿನ ಲೆಕ್ಕದಲ್ಲಿ ಅವರೇ ರವಿ! ತಮ್ಮ ಫೈಲ್ ತಿದ್ದಲಾಗದು, ರವಿಯದನ್ನು ಆರಾಮಾಗಿ ಅಳಿಸಬಹುದು. ಮ್ಯಾಕ್‌ನಲ್ಲಂತೂ ಮೊದಲ ಖಾತೆಯ ನಂಬರೇ 501. ಇದು ಹೊಳೆಯದೆ ನಾನೇ ಒಮ್ಮೆ ಅರ್ಧ ದಿನ ಕೇಬಲ್ ಬದಲಾಯಿಸುತ್ತಾ ಕೂತಿದ್ದೆ.

ಎರಡೂ ಕಡೆ ‘ಐಡಿ’ ಎಂದು ಟೈಪ್ ಮಾಡಿ ನಂಬರ್ ಹೋಲಿಸಿ. ಫೋಲ್ಡರಿನಲ್ಲಿ ‘ಎಲ್‌ಎಸ್ -ಎನ್’ ಕೊಟ್ಟರೆ ಫೈಲಿನ ಒಡೆಯರ ನಂಬರೂ ಕಾಣುತ್ತದೆ. ಬೇರೆಯಾಗಿದ್ದರೆ ಲ್ಯಾಪ್‌ಟಾಪಿನ ಖಾತೆಯಿಂದ ಲಾಗ್‌ಔಟ್ ಆಗಿ, ರೂಟ್‌ನಿಂದ ‘ಯೂಸರ್‌ಮಾಡ್ -ಯು’ ಬಳಸಿ ನಂಬರ್ ಬದಲಿಸಿ. ಹೋಮ್ ಫೋಲ್ಡರಿನ ಫೈಲುಗಳು ಜೊತೆಗೇ ಬದಲಾಗುತ್ತವೆ. ಅದರ ಹೊರಗಿರುವುದನ್ನು ನೀವೇ ಹುಡುಕಿ ‘ಚೋನ್’ ಮಾಡಬೇಕು. ಇಬ್ಬರ ನಂಬರ್ ಅದಲುಬದಲು ಮಾಡುವಾಗ ಒಬ್ಬರನ್ನು ಮೊದಲು ಯಾರೂ ಬಳಸದ ನಂಬರಿಗೆ ಕಳಿಸಿ.

ಸುಡೋ ಹಾಕಿದರೆ ಆದೀತು ಎಂದುಕೊಳ್ಳಬೇಡಿ. ಸರ್ವರ್ ರೂಟನ್ನು ‘ನೋಬಡಿ’ ಆಗಿಸಿಬಿಡುತ್ತದೆ. ಅದನ್ನು ತಪ್ಪಿಸುವ ‘ನೋ ರೂಟ್ ಸ್ಕ್ವಾಷ್’ ಆಯ್ಕೆ ಕೊಟ್ಟಿರೋ, ಆ ಲ್ಯಾಪ್‌ಟಾಪಿನ ರೂಟ್ ಹಂಚಿದ ಫೋಲ್ಡರಿಗೂ ಯಜಮಾನ.

ಉಳಿದದ್ದು ಎರಡೇ. ‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂದರೆ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ. ಟರ್ಮಿನಲ್ ಅಲುಗಾಡದೆ ನಿಂತಿದ್ದರೆ ಸರ್ವರ್ ಎದ್ದಿದೆಯೇ ನೋಡಿ, ಎದ್ದೊಡನೆ ಕೆಲಸ ತಾನೇ ಮುಂದುವರಿಯುತ್ತದೆ. ಕಾಯಲಾರದೆ ‘ಸಾಫ್ಟ್’ ಮೌಂಟಿಗೆ ಹೋಗಬೇಡಿ: ಬರೆಯುವ ಮಧ್ಯೆ ಸಂಪರ್ಕ ತಪ್ಪಿದರೆ ಫೈಲೇ ಕೆಡಬಹುದು.